ಇಂಚರಳ ಪಾಲಿಗೆ ಬಂದ ಡೆಲವೇರ್

ಮಂಗಳವಾರ ಸಂಜೆ ಊಟಕ್ಕೆ ಕೂತಿದ್ದೆವು. ನನ್ನ ಮಗಳು ಸುಧಾ ನನ್ನ ತಟ್ಟೆಗೆ ಸಾರು ಬಿಡುತ್ತಾ, ಬೇಳೆ ರೇಟು ಹೇಳುವವಳ ಹಾಗೆ ಹೇಳಿದಳು: "ಪರ್ಮಿಟ್ ರಿಜೆಕ್ಟ್ ಆಯ್ತಮ್ಮ. ಒಂದು ತಿಂಗಳೊಳಗೆ ದೇಶ ಬಿಡಬೇಕಂತೆ."

ಅಳಿಯ ಮಂಜು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಪೀಲ್ ಹಾಕ್ಬೋದು ಅತ್ತೆ. ಲಾಯರ್ ಹತ್ರ ಮಾತಾಡಿದೀನಿ" ಎಂದ.

"ಮಗು ಮುಂದೆ ಈ ಮಾತು ಬೇಕಾ?" ಎಂದೆ.

"ಅವಳಿಗೆಲ್ಲಿ ಅರ್ಥ ಆಗತ್ತಮ್ಮ? ಅದಕ್ಕೇ ತಾನೆ ಕನ್ನಡದಲ್ಲಿ ಮಾತಾಡ್ತಿರೋದು?"

ಮಗು ಎಂದರೆ ನನ್ನ ಮೊಮ್ಮಗಳು ಇಂಚರ. ಹನ್ನೊಂದು ವರ್ಷ. ಎದುರಿಗೇ ಕೂತಿದ್ದಳು. ಮೊಸರಿನ ಡಬ್ಬಿ ಕಡೆ ಕೈ ಮಾಡಿ ಸ್ವೀಡಿಷ್‌ನಲ್ಲಿ ಏನೋ ಕೇಳಿದಳು. ಸುಧಾ ಡಬ್ಬಿ ಸರಿಸಿಕೊಟ್ಟು, 'ನೋಡಿದೆಯಾ, ಏನೂ ಗೊತ್ತಾಗಿಲ್ಲ' ಎನ್ನುವ ಹಾಗೆ ನನ್ನನ್ನು ನೋಡಿದಳು.

ನಾನು ನೋಡಿದ್ದೇ ಬೇರೆ. ಹುಡುಗಿ ಮೊಸರು ಹಾಕಿಕೊಂಡಳು. ಕಲಸಲಿಲ್ಲ. ತಿನ್ನಲೂ ಇಲ್ಲ.

ಹೋದ ವಾರ ಇದೇ ಅಂಕಣದಲ್ಲಿ ಈ ಬಿಲ್ಡಿಂಗಿನ ಲಾಂಡ್ರಿ ರೂಮಿನ ಜಗಳ ಬರೆದು ನಿಮ್ಮನ್ನು ನಗಿಸಿದ್ದೆ. ನನ್ನ ಸೀರೆಯ ಬಣ್ಣ ಪಕ್ಕದ ಮನೆಯ ಬಿಳಿ ಪರದೆಗೆ ಹತ್ತಿದ ಕಥೆ. ಈ ವಾರ ನಗಿಸುವ ಮನಸ್ಸಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಕೇಳಿ.

ನಾನೀಗ ಇರುವುದು ಸುಂಡ್‌ಬೀಬರ್ಯ್‌ನಲ್ಲಿ. ಸ್ಟಾಕ್‌ಹೋಮಿಗೆ ಅಂಟಿಕೊಂಡ ಊರು. (ಹೆಸರು ಬಾಯಿಗೆ ಕೂರುವಷ್ಟರಲ್ಲಿ ನನ್ನ ವೀಸಾ ಮುಗಿಯುತ್ತದೆ.) ಬಾಡಿಗೆ ಮನೆಗಳ ಸಾಲು, ಕೆಳಗೆ ಮೆಟ್ರೋ. ಏಪ್ರಿಲ್ ಬಂದರೂ ಫುಟ್‌ಪಾತ್ ಮೇಲೆ ಚಳಿಗಾಲದಲ್ಲಿ ಚೆಲ್ಲಿದ ಜಲ್ಲಿ ಹಾಗೇ ಇದೆ, ಚಪ್ಪಲಿ ಕೆಳಗೆ ಕರಕರ ಎನ್ನುತ್ತದೆ.

ಮಂಜು ಈ ದೇಶಕ್ಕೆ ಬಂದದ್ದು ಓದಲಿಕ್ಕೆ, ಮೇಲೆ ಉತ್ತರದ ಲುಲೆಯೊ ಎಂಬ ಊರಿಗೆ. ಇಂಚರಳಿಗೆ ಆಗ ಎರಡು ವರ್ಷ. ಅಲ್ಲಿನ ಶಿಶುವಿಹಾರ, ಇವರ ಬಾಯಲ್ಲಿ 'ದಾಗಿಸ್', ಅಲ್ಲೇ ಅವಳು ಮಾತು ಕಲಿತದ್ದು. ಆಮೇಲೆ ಮಂಜುವಿಗೆ ಇಲ್ಲಿ ಕೆಲಸ ಸಿಕ್ಕಿತು. ಆ ಮೊದಲ ಕಂಪನಿಯವರು ಕೆಲವು ತಿಂಗಳು ಅವನ ಹೆಸರಲ್ಲಿ, ಪರ್ಮಿಟ್‌ಗೆ ಕಡ್ಡಾಯವಾದ ಯಾವುದೋ ಒಂದು ಇನ್ಶೂರೆನ್ಸ್ ಮಾಡಿಸಲು ಮರೆತಿದ್ದರಂತೆ. ಇವನಿಗೂ ಗೊತ್ತಿಲ್ಲ, ಅವರಿಗೂ ನೆನಪಿಲ್ಲ. ಆ ತಿಂಗಳುಗಳಲ್ಲಿ ಇವನಿಗೆ ಒಂದು ನೆಗಡಿಯೂ ಬರಲಿಲ್ಲ. ಈಗ ಬೇರೆ ಕಂಪನಿ, ಒಳ್ಳೆ ಕೆಲಸ, ಎಲ್ಲ ಇನ್ಶೂರೆನ್ಸೂ ಇದೆ. ಆದರೂ ಕೆಲಸದ ಪರ್ಮಿಟ್ ಮುಂದುವರಿಸಿ ಎಂದು ಹಾಕಿದ ಅರ್ಜಿ ವಾಪಸ್ ಬಂತು. ಕಾರಣ? ಆ ಹಳೇ ಮರೆವು.

ನಿಮ್ಮಲ್ಲಿ ಕೆಲವರು ಈಗಾಗಲೇ ಬಾಯಿ ತೆರೆದಿರುತ್ತೀರಿ. "ವಾಪಸ್ ಬರಲಿ ಬಿಡಿ, ದಾವಣಗೆರೆ ಏನು ಓಡಿ ಹೋಗಿದೆಯಾ?" ನಾನೂ ಅದನ್ನೇ ಅಂದುಕೊಂಡೆ. ಮಂಜುವಿಗೆ ಬೆಂಗಳೂರಲ್ಲಿ ನಾಳೆಯೇ ಕೆಲಸ ಸಿಗುತ್ತದೆ. ಸುಧಾ ಎಲ್ಲಿ ಹಾಕಿದರೂ ಬದುಕುವವಳು, ನನ್ನ ಮಗಳು. ಆದರೆ ವಾಪಸ್ ಎನ್ನುವುದು ಹೋದವರಿಗೆ. ಇಂಚರ ಎಲ್ಲಿಗೆ ವಾಪಸ್ ಬರಬೇಕು? ಅವಳಿಗೆ ಓದು ಬಂದದ್ದು ಈ ಭಾಷೆಯಲ್ಲಿ. ಜಗಳ, ಗೆಳತಿ, ಗುಟ್ಟು ಎಲ್ಲ ಇದರಲ್ಲೇ. ದಾವಣಗೆರೆ ಅವಳಿಗೆ ರಜಾ ಕಳೆಯುವ ಊರು. ಅಷ್ಟೇ.

ಇರಲಿ. ಇದೇ ವಾರ ನಮ್ಮ ಮನೆಗೆ ಡೆಲವೇರ್ ಬಂತು.

ಬುಧವಾರ ಮಧ್ಯಾಹ್ನ ಸ್ಕೂಲಿಂದ ಬಂದವಳೇ ಇಂಚರ ಬ್ಯಾಗು ಎಸೆದು ಅಡುಗೆಮನೆ ಕುರ್ಚಿ ಮೇಲೆ ಕೂತಳು. "ಅಜ್ಜಿ, ನಂಗೆ ಡೆಲವೇರ್ ಬಂದಿದೆ."

"ಅದೇನೇ, ಜ್ವರಾನಾ?"

"ಇಲ್ಲ ಅಜ್ಜಿ, ಅಮೆರಿಕದ್ದು ಸ್ಟೇಟ್. ಫ್ರೈಡೇ ಪ್ರೆಸೆಂಟೇಶನ್. ಚೀಟಿ ಎತ್ತಿದ್ವಿ. ಎಲ್ಸಾಗೆ ಕ್ಯಾಲಿಫೋರ್ನಿಯಾ. ನಂಗೆ ಈ ಚೂರು."

ಹೌದು, ಕನ್ನಡದಲ್ಲೇ ಹೇಳಿದಳು. ನನ್ನ ಹತ್ತಿರ ಅವಳು ಕನ್ನಡವೇ ಆಡುವುದು. ನನಗೆ ಬೇರೆ ಯಾವುದು ಬರುತ್ತದೆ? ಅವಳ ಕನ್ನಡ ಎಲ್ಲೋ ಎಡವುತ್ತದೆ, ಎಲ್ಲೋ ಎಳೆಯುತ್ತದೆ, 'ಳ' ಅಂತೂ ಹೊರಡುವುದೇ ಇಲ್ಲ. ಅಪ್ಪ ಅಮ್ಮನ ಮುಂದೆ ಯಾಕೆ ಆಡುವುದಿಲ್ಲ ಎಂದು ಬಂದ ಹೊಸದರಲ್ಲೇ ಕೇಳಿದ್ದೆ. "ಅಪ್ಪ ನಗ್ತಾರೆ" ಎಂದಿದ್ದಳು. ಮುಗಿಯಿತು. ನಾವಿಬ್ಬರೂ ಕೈಸನ್ನೆಯಲ್ಲಿ ಕಾಲ ಹಾಕುತ್ತಿದ್ದೇವೆ ಎಂದು ಸುಧಾ ತಿಳಿದಿದ್ದಾಳೆ. ಆಫೀಸಿಂದ ಸಂಜೆ ಬರುವವರಿಗೆ ಮಧ್ಯಾಹ್ನದ ಅಡುಗೆಮನೆ ಏನು ಗೊತ್ತು?

ನಮ್ಮ ಜನ ಎಲ್ಲಿಗೇ ಹೋಗಲಿ, ಕನ್ನಡವನ್ನು ಬೀಗ ಹಾಕಿದ ಬೀರು ಮಾಡಿಕೊಳ್ಳುತ್ತಾರೆ. ಮಕ್ಕಳಿಗೆ ಕಾಣಬಾರದ್ದನ್ನೆಲ್ಲ ಅದರೊಳಗೆ ತುಂಬುತ್ತಾರೆ. ಇಲ್ಲಿನ ಕನ್ನಡದವರ ಯುಗಾದಿ ಊಟದಲ್ಲಿ ಕಣ್ಣಾರೆ ಕಂಡೆ. ಯಾರಿಗೆ ಕೆಲಸ ಹೋಯಿತು, ಯಾರ ಸಂಸಾರ ಒಡೆಯಿತು, ಎಲ್ಲ ಮಕ್ಕಳ ತಲೆ ಮೇಲೆಯೇ. ಮಕ್ಕಳು ಹೋಳಿಗೆ ತಿನ್ನುತ್ತಾ ಸ್ವೀಡಿಷ್‌ನಲ್ಲಿ ಕಿಚಿಪಿಚಿ. ಬಾಯಿಗೆ ಬರದ ಭಾಷೆ ಕಿವಿಗೂ ಬರುವುದಿಲ್ಲ ಎಂದು ಇವರಿಗೆ ಹೇಳಿದವರು ಯಾರು?

"ಆ ಚೂರಲ್ಲಿ ಏನಿದೆ, ನನಗೆ ಹೇಳು. ನನಗೆ ತಿಳಿದರೆ ನಿನ್ನ ಕ್ಲಾಸಿಗೂ ತಿಳಿಯುತ್ತೆ" ಎಂದೆ.

ಕಂಪ್ಯೂಟರ್ ತೆರೆದು ಮ್ಯಾಪ್ ತೋರಿಸಿದಳು. ಅಮೆರಿಕದ ಪೂರ್ವದ ಅಂಚಿನಲ್ಲಿ, ನೀರಿಗೆ ಒತ್ತಿಕೊಂಡು, ಒಂದು ಒಣಮೆಣಸಿನಕಾಯಿ ನೇತು ಹಾಕಿದ ಹಾಗಿದೆ. ಒಂದು ಪಕ್ಕ ನದಿ. ಅದು ಅಗಲವಾಗಿ ಕೊಲ್ಲಿಯಾಗಿ, ಕೊನೆಗೆ ಸಮುದ್ರ ಸೇರುತ್ತದೆ. ಇಡೀ ರಾಜ್ಯಕ್ಕೆ ಮೂರೇ ಜಿಲ್ಲೆ.

"ಬೆಟ್ಟಗುಡ್ಡ?"

"ಇಲ್ಲ. ಮೇಲ್ಗಡೆ ಸ್ವಲ್ಪ ಉಬ್ಬು. ಕೆಳಗಡೆ ಎಲ್ಲಾ ಫ್ಲಾಟ್. ಬೀಚ್ ಇದೆ. ಮರದ ಹಲಗೆ ಹಾಕಿದ ರೋಡ್ ಇದೆ, ಸಮುದ್ರದ ಪಕ್ಕಾನೇ. ಸಮ್ಮರ್‌ನಲ್ಲಿ ಅಲ್ಲಿ ಐಸ್‌ಕ್ರೀಮ್ ತಿಂತಾ ವಾಕ್ ಮಾಡ್ತಾರೆ."

"ಅದು ಬಂದವರ ಕೆಲಸ. ಇರುವವರು ಹೊಟ್ಟೆಗೇನು ಮಾಡ್ತಾರೆ?"

"ಕೋಳಿ, ಅಜ್ಜಿ."

ನನ್ನ ಬೆನ್ನು ನೆಟ್ಟಗಾಯಿತು. ದಾವಣಗೆರೆಯಲ್ಲಿ ಮೊಟ್ಟೆ ಅಂಗಡಿ ನಡೆಸಿ ಮಕ್ಕಳನ್ನು ಸಾಕಿದವಳು ನಾನು. ದಕ್ಷಿಣದ ಜಿಲ್ಲೆಯ ತುಂಬ ಉದ್ದುದ್ದ ಕೋಳಿ ಶೆಡ್ಡುಗಳಂತೆ. ಜೋಳ, ಸೋಯಾ ಬೆಳೆಯುವುದೂ ಹೆಚ್ಚಾಗಿ ಕೋಳಿಗಳ ಹೊಟ್ಟೆಗೇ ಅಂತೆ. ಶೆಡ್ಡಿನ ಫೋಟೋ ದೊಡ್ಡದು ಮಾಡಿಸಿ ನೋಡಿದೆ. ನಮ್ಮ ಕಡೆಯದಕ್ಕಿಂತ ಚೊಕ್ಕಟವಾಗಿದೆ. ವಾಸನೆ ಫೋಟೋದಲ್ಲಿ ಬರುವುದಿಲ್ಲ ಬಿಡಿ.

"ಅಂಗಡಿಯಲ್ಲಿ ಟ್ಯಾಕ್ಸ್ ಹಾಕಲ್ಲ. ಅದಕ್ಕೆ ಪಕ್ಕದ ಸ್ಟೇಟ್‌ನವರು ಕಾರು ತಗೊಂಡು ಬಂದು ಶಾಪಿಂಗ್ ಮಾಡ್ತಾರೆ. ಆಮೇಲೆ ಕಂಪನಿ. ಅಲ್ಲಿ ಜನಕ್ಕಿಂತ ಕಂಪನಿ ಜಾಸ್ತಿ, ಅಜ್ಜಿ. ಒಂದೇ ಬಿಲ್ಡಿಂಗ್‌ನಲ್ಲಿ ತುಂಬಾ ತುಂಬಾ ಕಂಪನಿ ಇದೆ, ಆದ್ರೆ ಒಳಗೆ ಆ ಕಂಪನಿಯವರು ಯಾರೂ ಇಲ್ಲ. ಬರೀ ಅಡ್ರೆಸ್."

"ಜನ ಇಲ್ಲದ ಕಂಪನೀನಾ?"

"ಹ್ಞೂಂ. ರಿಜಿಸ್ಟರ್ ಮಾಡಿದ್ರೆ ಸಾಕು. ಅಲ್ಲಿ ಕಾನೂನು ಕಂಪನಿಗೆ ಈಸಿ."

ನಾಲ್ಕನೇ ಕ್ಲಾಸು ಓದಿದ ನನ್ನ ತಲೆಗೆ ಅದು ಹೊಕ್ಕಿತು ನೋಡಿ. ಅಲ್ಲಿ ಬರೀ ಕಾಗದವಾಗಿರುವ ಕಂಪನಿಗೆ ನೆಲೆ ಸಿಗುತ್ತದೆ. ಇಲ್ಲಿ ಮೂಗು ಬಾಯಿ ಇರುವ ಮೂರು ಜನ, ಒಂದು ಕಾಗದ ಕಡಿಮೆಯಾಯಿತು ಎಂದು ಗಂಟುಮೂಟೆ ಕಟ್ಟಬೇಕು. ಅದನ್ನು ಮಗುವಿಗೆ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲವಲ್ಲ.

ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಏಡಿ. ಹೆಲ್ಮೆಟ್ಟಿಗೆ ಬಾಲ ಬಂದ ಹಾಗಿದೆ. ಬೇಸಿಗೆ ಶುರುವಾಗುವಾಗ ಆ ಕೊಲ್ಲಿಯ ದಡಕ್ಕೆ ರಾಶಿ ರಾಶಿ ಬಂದು ಮೊಟ್ಟೆ ಇಡುತ್ತವಂತೆ. ಎಲ್ಲಿಂದಲೋ ಎಲ್ಲಿಗೋ ಹಾರುತ್ತಿರುವ ಹಕ್ಕಿಗಳು ಅಲ್ಲಿ ಇಳಿದು, ಆ ಮೊಟ್ಟೆ ತಿಂದು, ಮೈ ತುಂಬಿಕೊಂಡು ಮತ್ತೆ ಹಾರುತ್ತವಂತೆ.

"ಅಲೆ ಬಂದು ಏಡಿ ಅಂಗಾತ ಬಿದ್ರೆ ಎದ್ದೇಳಕ್ಕೆ ಆಗಲ್ಲ ಅಜ್ಜಿ. ಜನ ಹೋಗಿ ಒಂದೊಂದೇ ತಿರುಗಿಸಿ ಬಿಡ್ತಾರೆ."

"ಅಷ್ಟು ಹತ್ತಿರ ಹೋಗಿ ಹಿಡಿದು ಸಾರು ಮಾಡಲ್ವಾ?"

"ಅಜ್ಜೀ!"

ಗುರುವಾರ ಎರಡನೇ ಭಾಗ. ಚಿಕ್ಕ ಚೂರು ಸಿಕ್ಕಿತು ಎಂದು ಮುಖ ಗಂಟಿಕ್ಕಿದ್ದವಳಿಗೆ ಟೀಚರ್ ಕರೆದು, "ಅದು ಸ್ವಲ್ಪ ನಮ್ಮದೂ ಹೌದು" ಎಂದಿದ್ದರಂತೆ. ಸುಮಾರು ನಾಲ್ಕು ನೂರು ವರ್ಷದ ಹಿಂದೆ ಸ್ವೀಡನ್ನಿನವರು ಎರಡು ಹಡಗು ಮಾಡಿಕೊಂಡು ಆ ನದಿಗೆ ಹೋಗಿ ಇಳಿದರು. ಕೋಟೆ ಕಟ್ಟಿದರು. ಹೊಸ ಸ್ವೀಡನ್ ಎಂದು ಹೆಸರಿಟ್ಟರು. ಕೋಟೆಗೆ ತಮ್ಮ ರಾಣಿಯ ಹೆಸರು.

"ರಾಣಿಗೆ ಆಗ ನನ್ನಷ್ಟೇ ವಯಸ್ಸು, ಅಜ್ಜಿ!"

"ಅವಳೂ ಮೊಸರನ್ನ ಬಿಡ್ತಿದ್ದಳಾ?"

ನನ್ನ ಮುಖ ನೋಡಿದಳು. ಸ್ಕ್ರೀನಿಗೆ ತಿರುಗಿದಳು. "ಮರದ ದಿಮ್ಮಿ ಜೋಡಿಸಿ ಮನೆ ಕಟ್ಟೋದು ಇವರೇ ಅಲ್ಲಿಗೆ ತಗೊಂಡು ಹೋಗಿದ್ದು, ಇವರೂ ಫಿನ್‌ಲ್ಯಾಂಡ್‌ನವರೂ. ಆ ಹಡಗಿನ ಥರಾನೇ ಇನ್ನೊಂದು ಮಾಡಿ ಇಟ್ಟಿದ್ದಾರೆ ಈಗ. ಟೂರಿಸ್ಟ್ ನೋಡಬೋದು."

"ಜಾಗ ಯಾರದಾಗಿತ್ತು?"

"ಅಲ್ಲಿ ಮೊದಲಿಂದ ಇದ್ದವರದ್ದು. ಅವರಿಗೆ ತಾಮ್ರದ ಪಾತ್ರೆ ಕೊಟ್ರು, ಇನ್ನೂ ಏನೇನೋ ಸಾಮಾನು ಕೊಟ್ರು."

"ಪಾತ್ರೆಗೆ ನದಿ ದಡಾನಾ? ನಮ್ಮ ಬೀದಿಯಲ್ಲಿ ಹಳೇ ಸೀರೆಗೆ ಪಾತ್ರೆ ಕೊಡುವವಳಾದರೂ ಇನ್ನೊಂದು ಸೀರೆ ಕೇಳ್ತಾಳೆ. ಈಗ ಅವರೆಲ್ಲಿ?"

"ತುಂಬಾ ಜನರನ್ನ ಓಡಿಸಿಬಿಟ್ರು ಅಜ್ಜಿ. ದೂರ ದೂರ ಹೋಗಬೇಕಾಯ್ತು."

"ಈ ಸ್ವೀಡನ್‌ನವರು?"

"ಸ್ವಲ್ಪ ವರ್ಷ ಆದ್ಮೇಲೆ ಡಚ್‌ನವರು ಸೈನ್ಯ ತಗೊಂಡು ಬಂದು ಕೋಟೆ ಕಿತ್ಕೊಂಡ್ರು."

"ಆಮೇಲೆ? ಇವರನ್ನೂ ಓಡಿಸಿದ್ರಾ?"

ಕಂಪ್ಯೂಟರ್ ಮುಚ್ಚಿದಳು. "ಅದು ಇನ್ನೂ ಬರೆದಿಲ್ಲ."

ಶುಕ್ರವಾರ ಲಾಯರ್ ಭೇಟಿ. ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಅದೇ ದಿನ ಪ್ರೆಸೆಂಟೇಶನ್ ನೋಡಲು ಸ್ಕೂಲಿಗೆ ಮನೆಯವರು ಬರಬಹುದು, ಆಮೇಲೆ ಫಿಕಾ, ಅಂದರೆ ಕಾಫಿ ಜೊತೆ ಬನ್ನು ತಿನ್ನುತ್ತಾ ಕೂರುವುದು. ಈ ದೇಶದಲ್ಲಿ ಅದಿಲ್ಲದೆ ಯಾವ ಕೆಲಸವೂ ಮುಗಿಯುವುದಿಲ್ಲ.

"ನೀನೇ ಹೋಗಿ ಬಾಮ್ಮ, ಸುಮ್ನೆ ಕೂತಿದ್ದು ಬಾ" ಎಂದಳು ಸುಧಾ, ಶೂ ಹಾಕಿಕೊಳ್ಳುತ್ತಾ. "ಪರ್ಮಿಟ್ ವಿಷಯ ಯಾರ ಹತ್ರಾನೂ ಬಾಯಿ ಬಿಡ್ಬೇಡ."

"ನನಗೇನು ಸ್ವೀಡಿಷ್ ಬರತ್ತಾ, ಬಿಡೋಕೆ?"

ನಿಪ್ಪಟ್ಟು ಕರಿದು ಒಯ್ಯೋಣವೆಂದರೆ ಇಂಚರ ತಡೆದಳು. ಸ್ಕೂಲಿಗೆ ಕಡಲೆಬೀಜ ತರಬಾರದಂತೆ, ಯಾರಿಗೋ ಆಗುವುದಿಲ್ಲವಂತೆ. ಸರಿ, ಕೋಡುಬಳೆ. ಸ್ಕೂಲ್ ಬಾಗಿಲಲ್ಲೇ ಎಲ್ಲರೂ ಶೂ ಬಿಚ್ಚಿಟ್ಟು ಒಳಗೆ ಹೋಗುವುದು. ಅದೊಂದು ನಮ್ಮ ಹಾಗೇ. ಸೀರೆ ಕೆಳಗೆ ಅಳಿಯನ ಉಣ್ಣೆ ಕಾಲುಚೀಲ ಹಾಕಿಕೊಂಡು ಮಕ್ಕಳ ಚಿಕ್ಕ ಕುರ್ಚಿ ಮೇಲೆ ಕೂತೆ. ಮಂಡಿ ಗಲ್ಲಕ್ಕೆ ಬಂತು.

ಎಲ್ಸಾಳ ಕ್ಯಾಲಿಫೋರ್ನಿಯಾ ಮುಗಿಯಿತು. ಇಂಚರ ಎದ್ದಳು.

ಭಾಷೆ ಬಾರದಿದ್ದರೂ ಚಿತ್ರಗಳೆಲ್ಲ ನನಗೆ ಪರಿಚಯ. ಮೆಣಸಿನಕಾಯಿ ಮ್ಯಾಪು. ಬೀಚು. ಕೋಳಿ ಶೆಡ್ಡು. ಯಾರೂ ಇಲ್ಲದ ಕಂಪನಿ ಬಿಲ್ಡಿಂಗು, ಮಕ್ಕಳು ನಕ್ಕರು. ಏಡಿ, "ಓ" ಎಂದರು. ಹಡಗು. ಕೋಟೆ. ಗುರುವಾರ ನಿಲ್ಲಿಸಿದ ಜಾಗಕ್ಕೆ ಬಂದಳು. ಮುಂದೆ ಒಂದು ಹಳೇ ಕಲ್ಲಿನ ಚರ್ಚು ಬಂತು.

ಅದರ ಮುಂದಿನ ಚಿತ್ರ ನೋಡಿ ಕೋಡುಬಳೆ ಡಬ್ಬಿ ಕೆಳಗಿಟ್ಟು ಮುಂದಕ್ಕೆ ಬಾಗಿದೆ. ನಮ್ಮ ಮನೆ ಬಾಲ್ಕನಿ. ಕಂಬಿಯ ಮೇಲೆ ಒಣಗುತ್ತಿರುವ ನನ್ನ ಹಸಿರು ಸೀರೆ.

ಇಂಚರ ಅದನ್ನು ತೋರಿಸಿ ನಾಲ್ಕೇ ನಾಲ್ಕು ಮಾತು ಹೇಳಿದಳು. ಅದರಲ್ಲೊಂದು ಮಾತು ನನಗೆ ಗೊತ್ತಿತ್ತು. ವಾರವೆಲ್ಲ ಮಂಜು ಲಾಯರ್ ಜೊತೆ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದ. 'ಉಟ್‌ವಿಸ್ನಿಂಗ್'. ಹೊರಗೆ ಕಳಿಸುವುದು.

ಯಾರೋ ಕುರ್ಚಿ ಎಳೆದದ್ದು ಕೇಳಿಸಿತು. ಎಲ್ಸಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಟೀಚರ್ ಅನ್ನಿಕಾ (ಇಲ್ಲಿ ಮಕ್ಕಳು ಟೀಚರನ್ನು ಹೆಸರು ಹಿಡಿದೇ ಕರೆಯುತ್ತಾರೆ) ಎದ್ದು ನನ್ನ ಹತ್ತಿರ ಬಂದರು. ಕುರ್ಚಿ ಪಕ್ಕ ಮಂಡಿಯೂರಿ ಕೂತು ಮೆಲ್ಲಗೆ ಏನೋ ಕೇಳಿದರು. ಸ್ವೀಡಿಷ್‌ನಲ್ಲಿ ಕೇಳಿದರು, ಇಂಗ್ಲಿಷ್‌ನಲ್ಲಿ ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಆಮೇಲೆ ಅವರು ತಿರುಗಿ ನೋಡಿದ್ದು ಇಂಚರಳನ್ನು. ಅವಳು ಬಂದು ನಮ್ಮಿಬ್ಬರ ನಡುವೆ ನಿಂತಳು.

"ಅಜ್ಜಿ, ಅನ್ನಿಕಾ ಕೇಳ್ತಿದಾಳೆ."

"ಏನಂತೆ?"

"ನಾನು ಹೇಳಿದ್ದು ನಿಜಾನಾ ಅಂತ. ನಮ್ಮನ್ನ ಕಳಿಸ್ತಾರಾ ಅಂತ."

ಹೇಳಿ, ಯಾವ ಮನೆಯಲ್ಲಿ ಹೀಗಾದೀತು? ಯಾರಿಂದ ಮುಚ್ಚಿಟ್ಟಿದ್ದೆವೋ ಅವಳೇ ದುಬಾಷಿ. ಬಾಯಿ ಬಿಡಬೇಡ ಎಂದು ಮಗಳು ಬಾಗಿಲಲ್ಲಿ ನಿಂತು ಹೇಳಿದ್ದಳು. 'ಇಲ್ಲ, ಮಗು ಏನೋ ತಪ್ಪು ತಿಳಿದಿದೆ' ಎನ್ನಬಹುದಿತ್ತು. ಆ ಸುಳ್ಳನ್ನೂ ಅವಳ ಬಾಯಿಂದಲೇ ಹೇಳಿಸಬೇಕಿತ್ತು. ಇಡೀ ಕ್ಲಾಸಿನ ಮುಂದೆ ಅವಳನ್ನು ಸುಳ್ಳಿ ಮಾಡಲು ಅವಳ ನಾಲಿಗೆಯನ್ನೇ ಎರವಲು ಕೇಳಬೇಕಿತ್ತು.

ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಟೀಚರೂ.

"ಹೌದು ಅಂತ ಹೇಳು" ಎಂದೆ.

"ಯಾ" ಎಂದಳು ಇಂಚರ.

ಆಮೇಲೆ ಫಿಕಾ ಆಯಿತು. ಕೋಡುಬಳೆ ಒಂದೂ ಉಳಿಯಲಿಲ್ಲ, ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮಕ್ಕಳು ಬಿಡಲಿಲ್ಲ. (ಎಲ್ಲರ ಕಣ್ಣೀರೂ ಖಾರದ್ದೇ ಎಂದು ನಾನು ಹೇಳುವುದಿಲ್ಲ.)

ಮನೆಗೆ ನಡೆಯುವಾಗ ಜಲ್ಲಿ ಕರಕರ ಎನ್ನುತ್ತಿತ್ತು. ನಾನೇ ಕೇಳಿದೆ. "ಕೊನೇಲಿ ಏನಂದೆ?"

"ಡಚ್‌ನವರು ಕೋಟೆ ಮಾತ್ರ ತಗೊಂಡ್ರು. ಅಲ್ಲಿದ್ದ ಸ್ವೀಡನ್ ಜನಕ್ಕೆ ಬೇಕಾದವರು ಇರಿ ಅಂದ್ರು. ಅವರ ಹೊಲ ಇತ್ತು, ಮನೆ ಇತ್ತು. ತುಂಬಾ ಜನ ಉಳ್ಕೊಂಡ್ರು. ಆಮೇಲೆ ಆ ಚರ್ಚ್ ಕಟ್ಟಿದ್ರು. ನಮ್ಮ ಮನೆ ಇಲ್ಲಿದೆ, ಆದ್ರೆ ನಮಗೆ ಇರಿ ಅಂತ ಹೇಳಿಲ್ಲ, ಅಪ್ಪನ ಹಳೇ ಕಂಪನಿ ಇನ್ಶೂರೆನ್ಸ್ ಮರೆತುಬಿಡ್ತು ಅಂದೆ."

"ಅಷ್ಟೇನಾ?"

"ಐದು ನಿಮಿಷ ಮುಗಿದಿತ್ತು ಅಜ್ಜಿ."

ಲಾಯರ್ ಹತ್ತಿರ ಹೋದವರು ಸಂಜೆ ಬಂದರು. ಅಪೀಲ್ ಹಾಕುತ್ತಾರಂತೆ. ಗೆಲ್ಲಬಹುದು, ಗೆಲ್ಲದೆಯೂ ಇರಬಹುದು. ಇಷ್ಟು ಹೇಳಲು ಲಾಯರ್ ಬೇಕಾ? ಸುಧಾ ಕೋಟು ಬಿಚ್ಚುವ ಮೊದಲೇ ಕನ್ನಡದಲ್ಲಿ ಶುರು ಮಾಡಿದಳು, ಇಂಚರ ಪಕ್ಕದಲ್ಲೇ ಸೋಫಾ ಮೇಲಿದ್ದಳು. "ಮಗೂಗೆ ಹೇಗ್ರೀ ಹೇಳೋದು? ಸ್ವಲ್ಪ ಸ್ವಲ್ಪವಾಗಿ ಪ್ರಿಪೇರ್ ಮಾಡ್ಬೇಕು."

"ಪ್ರಿಪೇರ್ ಆಗಿ, ಪ್ರೆಸೆಂಟೇಶನ್ನೂ ಆಯ್ತು" ಎಂದೆ. ನಡೆದದ್ದೆಲ್ಲ ಹೇಳಿದೆ.

ಮಂಜುವಿನ ಮುಖ ಕೆಂಪಾಯಿತು. "ಯಾರನ್ನ ಕೇಳಿ ಹೌದು ಅಂದ್ರಿ ಅತ್ತೆ? ಈಗ ಸ್ಕೂಲಿಗೆಲ್ಲ ಗೊತ್ತಾಯ್ತು. ನಾಳೆ ನಮ್ಮ ಕನ್ನಡದೋರ ಗ್ರೂಪಿಗೆಲ್ಲ ಗೊತ್ತಾಗತ್ತೆ!"

"ಗೊತ್ತಾಗಲಿ. ನೀನೇನು ಕದ್ದಿದ್ದೀಯಾ?"

"ಅದಲ್ಲ, ಅವಳಿಗೆ ಯಾರು ಹೇಳಿದ್ದು? ನೀವೇ ತಾನೆ?"

"ಅಜ್ಜಿ ಹೇಳಿಲ್ಲ, ಅಪ್ಪ." ಸೋಫಾದಿಂದ ಕನ್ನಡ ಬಂತು. "ನೀವೇ ಹೇಳಿದ್ರಿ. ದಿನಾ ಊಟಕ್ಕೆ ಕೂತು ಹೇಳಿದ್ರಿ. ಅಮ್ಮ ಬಾತ್‌ರೂಮಲ್ಲಿ ಅತ್ತಿದ್ದೂ ಹೇಳಿದ್ರಿ. ನಾನು ಅಲ್ಲೇ ಇದ್ದೆ."

ಎಡವಿದ ಕನ್ನಡವೇ. 'ಹೇಳಿದ್ರಿ' ಎಂಬುದರ 'ಳ' ಹೊರಡಲೇ ಇಲ್ಲ. ಮಂಜು ನಗಲಿಲ್ಲ. ಕೋಟು ಹಾಕಿಕೊಂಡೇ ನೆಲದ ಮೇಲೆ ಅವಳ ಕಾಲ ಹತ್ತಿರ ಕೂತ. ಸುಧಾ ಗೋಡೆ ಕಡೆ ತಿರುಗಿದಳು. ನಾನು ಎದ್ದು ಅನ್ನಕ್ಕೆ ಇಟ್ಟೆ. ಇನ್ನೇನು ಮಾಡಲಿ?

ಆ ರಾತ್ರಿಯ ಊಟದಲ್ಲಿ ಅಪೀಲಿನ ಮಾತು ಅವಳ ಮುಂದೆಯೇ ಆಯಿತು, ಅವಳನ್ನೂ ಸೇರಿಸಿಕೊಂಡು. ಅವಳು ಕೇಳಿದ ಪ್ರಶ್ನೆಗಳಿಗೆ ಅವಳಪ್ಪನ ಹತ್ತಿರ ಅರ್ಧಕ್ಕೆ ಮಾತ್ರ ಉತ್ತರವಿತ್ತು. ಮೊಸರನ್ನ ಕಲಸಿದಳು. ತಿಂದಳು. ಅಪೀಲ್ ಏನಾಗುತ್ತದೋ ನನಗೂ ಗೊತ್ತಿಲ್ಲ, ಅದು ತೀರ್ಮಾನವಾಗುವ ಹೊತ್ತಿಗೆ ನನ್ನ ವೀಸಾ ಮುಗಿದು ನಾನು ದಾವಣಗೆರೆಯಲ್ಲಿ ಇರುತ್ತೇನೆ. ಇವರು ನನ್ನ ಹಿಂದೆಯೇ ಬಂದರೂ ಬರಬಹುದು.

ಕೈ ತೊಳೆಯುವಾಗ ಮಂಜುವಿಗೆ ಒಂದು ಮಾತು ಹೇಳಿದೆ, ಲಾಯರ್‌ಗೆ ಹೇಳಿ ಕೋರ್ಟಿನಲ್ಲಿ ಇದೊಂದು ಪ್ರಶ್ನೆ ಕೇಳಿಸು ಎಂದು. ಕೋರ್ಟಲ್ಲಿ ಹಾಗೆಲ್ಲ ಕೇಳಲಾಗುವುದಿಲ್ಲ ಅತ್ತೆ ಎಂದ. ಅವರು ಕೇಳದಿದ್ದರೆ ಬೇಡ, ನಾನಿಲ್ಲಿ ಕೇಳುತ್ತೇನೆ: ಅವತ್ತು ಆ ಹಡಗಿನಿಂದ ಡೆಲವೇರ್ ದಡಕ್ಕೆ ಇಳಿದವರು ಇನ್ಶೂರೆನ್ಸ್ ಮಾಡಿಸಿಕೊಂಡು ಬಂದಿದ್ದರೇ?